ರೈನ್‌ಕೋಟ್ ಎಲ್ಲಿಟ್ಟಿದ್ದೀಯ? ಬೈಕ್ ಪ್ರವಾಸದ ಗಂಟುಮೂಟೆ ಬಗ್ಗೆ ಸೀಟ್ ಹೊಲಿಯುವವನ ಮಾತು

ನಾನು ಶಿವಮೊಗ್ಗದಲ್ಲಿ ಸೀಟ್ ಕವರ್ ಹೊಲಿಯುವವನು. ಬೈಕು, ಆಟೋ, ಟ್ರ್ಯಾಕ್ಟರು, ಏನು ಬಂದರೂ ಸರಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನನ್ನ ಹತ್ತಿರ 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ಇದೆ. ವರ್ಷಕ್ಕೆ ಮೂರ್ನಾಲ್ಕು ಸಲ ಅಂಗಡಿ ಬಾಗಿಲು ಎಳೆದು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟುಬಿಡುತ್ತೇನೆ. ಹೆಚ್ಚಾಗಿ ಆಗುಂಬೆ ಇಳಿದು ಉಡುಪಿ ಕಡೆಗೆ, ಇಲ್ಲವೇ ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ. ಅದೂ ಮಳೆಗಾಲದಲ್ಲೇ. ಒಣಗಿದ ಘಟ್ಟ ನೋಡಿ ಏನು ಮಾಡೋದು?

ಹೋದ ತಿಂಗಳು ತಂಗಿ ಮಗ ಹೊಸ ಬೈಕ್ ತಂದು ಅಂಗಡಿ ಮುಂದೆ ನಿಲ್ಲಿಸಿದ. ಬೈಕಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದರ ಮೇಲಿನ ಸಾಮಾನು. ಎರಡೂ ಬದಿ ಅಲ್ಯೂಮಿನಿಯಂ ಪೆಟ್ಟಿಗೆ, ಪೆಟ್ರೋಲ್ ಕ್ಯಾನ್ ಕೂರಿಸುವ ಸ್ಟ್ಯಾಂಡು, ನಾಲ್ಕು ಎಲ್ಇಡಿ ದೀಪ, ಹ್ಯಾಂಡಲ್ ಮೇಲೆ ಎರಡು ಹೋಲ್ಡರು.

"ಮಾವ, ಆಗುಂಬೆಗೆ ಹೊರಟಿದ್ದೀನಿ. ಇನ್ನೇನಾದ್ರೂ ಹಾಕಿಸ್ಬೇಕಾ?"

"ರೈನ್‌ಕೋಟ್ ಎಲ್ಲಿಟ್ಟಿದ್ದೀಯ?"

"ಬಾಕ್ಸಲ್ಲಿ."

"ಬಾಕ್ಸಲ್ಲಿ ಎಲ್ಲಿ?"

ತಲೆ ಕೆರೆದುಕೊಂಡ. "ತಳದಲ್ಲಿ ಇರ್ಬೇಕು."

ಅವನಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೇಳುವ ಯೋಗ್ಯತೆ ನನಗೆ ಹೇಗೆ ಬಂತು ಅಂದರೆ, ಒಂದು ಸಲ ಚಾರ್ಮಾಡಿಯ ತಿರುವಿನಲ್ಲಿ ನನ್ನ ರೈನ್‌ಕೋಟ್ ಕೂಡ ತಳದಲ್ಲೇ ಇತ್ತು. ಮಳೆ ಹನಿಯಲಿಲ್ಲ, ಸುರಿಯಿತು. ಬ್ಯಾಗ್ ಬಿಚ್ಚಿದೆ. ಮೇಲಿನ ಬಟ್ಟೆ ತೆಗೆದು ಹೆಂಡತಿ ಕೈಗೆ ಕೊಟ್ಟೆ. ರೈನ್‌ಕೋಟ್ ಕೈಗೆ ಸಿಗುವ ಹೊತ್ತಿಗೆ ನಾವಿಬ್ಬರೂ ಒದ್ದೆ, ಬಟ್ಟೆಯೂ ಒದ್ದೆ, ಬ್ಯಾಗಿನೊಳಗೆ ಒಂದು ಲೋಟ ನೀರು. ಒಣಗಿದ್ದು ರೈನ್‌ಕೋಟ್ ಒಂದೇ.

ಅದಕ್ಕೇ ನಾನು ಬಟ್ಟೆ ಒಂದು ಕಡೆ, ಸ್ಪ್ಯಾನರ್ ಒಂದು ಕಡೆ ಅಂತ ಜಾತಿ ನೋಡಿ ತುಂಬುವುದನ್ನು ಬಿಟ್ಟೆ. ಈಗ ನೋಡುವುದು ಎಷ್ಟು ಹೊತ್ತಿನಲ್ಲಿ ಕೈಗೆ ಬೇಕು ಅನ್ನುವುದನ್ನು. ಬೈಕಿನಿಂದ ಇಳಿಯದೆ ಬೇಕಾದದ್ದು ಜೇಬಿಗೆ ಅಥವಾ ಪೆಟ್ರೋಲ್ ಟ್ಯಾಂಕ್ ಮೇಲೆ ಕೂರುವ ಟ್ಯಾಂಕ್ ಬ್ಯಾಗಿಗೆ: ದುಡ್ಡು, ಫೋನು, ಹೆಲ್ಮೆಟ್ಟಿನ ವೈಸರ್ ಒರೆಸುವ ಬಟ್ಟೆ. ಇಳಿದು ಎರಡು ನಿಮಿಷದಲ್ಲಿ ಬೇಕಾದದ್ದು ಬ್ಯಾಗಿನ ಹೊರಗೆ, ಎಲ್ಲಕ್ಕಿಂತ ಮೇಲೆ, ಬೇರೆ ಪಟ್ಟಿಯಲ್ಲಿ. ಅದು ರೈನ್‌ಕೋಟು. ರಾತ್ರಿ ರೂಮಿಗೆ ಹೋದ ಮೇಲೆ ಬೇಕಾದದ್ದೆಲ್ಲ ಒಳಗೆ. ಬೈಕ್ ಕೆಟ್ಟಾಗ ಬಿಟ್ಟರೆ, ದಾರಿಯಲ್ಲಿ ಒಳಗಿನ ಬ್ಯಾಗ್ ತೆರೆಯುವ ಪ್ರಸಂಗ ಬಂದರೆ ತುಂಬಿದ್ದು ತಪ್ಪಾಗಿದೆ ಅಂತಲೇ ಲೆಕ್ಕ.

ಬ್ಯಾಗ್ ಕೊಳ್ಳುವಾಗ ಹೊಲಿಗೆ ನೋಡಿ

ಇದು ನನ್ನ ಕಸುಬು. ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಬ್ಯಾಗ್ ಕೈಗೆ ಬಂದ ಕೂಡಲೇ ಜನ ಬಟ್ಟೆ ಮುಟ್ಟಿ ನೋಡುತ್ತಾರೆ. ಬಟ್ಟೆ ಹರಿದು ಬ್ಯಾಗ್ ಕೆಟ್ಟದ್ದನ್ನು ನಾನು ಕಂಡದ್ದು ಕಡಿಮೆ. ಕಿತ್ತು ಬರುವುದು ಪಟ್ಟಿ. ಪಟ್ಟಿ ಬ್ಯಾಗಿಗೆ ಸೇರುವ ಜಾಗ ನೋಡಿ. ಅಲ್ಲಿ ಒಂದು ಚೌಕ ಹೊಲಿದು, ಚೌಕದೊಳಗೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿಗೆ ಹಾಕಿರಬೇಕು. ಬರೀ ಒಂದು ಗೆರೆ ಹೊಲಿದಿದ್ದರೆ ವಾಪಸ್ ಇಡಿ. ಆಮೇಲೆ ಬ್ಯಾಗನ್ನು ಒಳಮಗ್ಗುಲಾಗಿ ತಿರುವಿ. ಪಟ್ಟಿಯ ಹಿಂದೆ ಇನ್ನೊಂದು ತುಂಡು ಬಟ್ಟೆ ಕೊಟ್ಟು ಹೊಲಿದಿದ್ದಾರಾ? ಹಾಗಿದ್ದರೆ ಹೊಲಿದವನಿಗೆ ಕೆಲಸ ಗೊತ್ತು.

600 ಡೀನಿಯರ್, 1000 ಡೀನಿಯರ್ ಅಂತ ಬರೆದಿರುತ್ತಾರಲ್ಲ, ಅದು ದಾರದ ದಪ್ಪದ ಲೆಕ್ಕ. 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ನಂಬರ್ ದೊಡ್ಡದಾದಷ್ಟೂ ಉಜ್ಜಾಟ ತಡೆಯುತ್ತದೆ, ನಿಜ. ಆದರೆ ನೀರಿಗೂ ಅದಕ್ಕೂ ಸಂಬಂಧ ಇಲ್ಲ. ನೀರು ತಡೆಯುವುದು ಬಟ್ಟೆಯ ಒಳಗಡೆ ಬಳಿದ ಲೇಪ. ಆ ಲೇಪವಿದ್ದರೂ ಸೂಜಿ ಚುಚ್ಚಿದ ಕಡೆಯೆಲ್ಲ ತೂತು. ನನ್ನ ಮಿಷನ್ನು ಒಂದು ಇಂಚಿಗೆ ಐದಾರು ತೂತು ಹೊಡೆಯುತ್ತದೆ. ಒಂದು ಬ್ಯಾಗಿಗೆ ಎಷ್ಟು ಇಂಚು ಹೊಲಿಗೆ ಅಂತ ನೀವೇ ಎಣಿಸಿ. ಹಾಗಾಗಿ ಹೊಲಿದ ಬ್ಯಾಗು, ಒಳಗೆ ಹೊಲಿಗೆ ಮೇಲೆ ಟೇಪ್ ಅಂಟಿಸದೇ ಇದ್ದರೆ, ಆಗುಂಬೆ ಮಳೆ ತಡೆಯುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಊರು ಅದು. ಬಿಸಿಯಲ್ಲಿ ಅಂಟಿಸಿ ಮಾಡಿದ, ಬಾಯಿ ಸುರುಳಿ ಸುತ್ತಿ ಕ್ಲಿಪ್ ಹಾಕುವ ಬ್ಯಾಗ್ ಬರುತ್ತದೆ. ಮಳೆಗೆ ಅದೇ ಸರಿ. ಬಾಯಿಯನ್ನು ಕಡಿಮೆ ಅಂದರೂ ಮೂರು ಸುತ್ತು ಸುತ್ತಬೇಕು. ತುಂಬಿ ತುಳುಕಿಸಿದರೆ ಸುತ್ತಲು ಜಾಗವೇ ಇರುವುದಿಲ್ಲ, ಅದನ್ನು ನೆನಪಿಡಿ.

ಅಷ್ಟು ದುಡ್ಡು ಬೇಡ ಅಂದರೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕವರ್ ತಗೊಳ್ಳಿ. ಚೆನ್ನಾಗಿ ತೊಳೆದು ಒಣಗಿಸಿ, ಯಾವುದೇ ಹಳೆ ಬ್ಯಾಗಿನೊಳಗೆ ಇಳಿಬಿಡಿ. ಬಟ್ಟೆ ತುಂಬಿ, ಬಾಯಿ ತಿರುಚಿ, ಮಡಚಿ, ರಬ್ಬರ್ ಹಾಕಿ. ಮಲೆನಾಡಿನಲ್ಲಿ ಗದ್ದೆಗೆ ಹೋಗುವವರು ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಳ್ಳುವುದು ಸುಮ್ನೆ ಅಲ್ಲ. ಬ್ಯಾಗಿನ ಜೊತೆ ಕೊಡುವ ಮಳೆ ಕವರಿಗಿಂತ ಒಳಗಿನ ಈ ಕವರ್ ವಾಸಿ. ಹೊರಗಿನ ಕವರ್ ಗಾಳಿಗೆ ಹಾರುತ್ತದೆ, ಅಡಿಯಲ್ಲಿ ನೀರು ನಿಲ್ಲಿಸಿಕೊಳ್ಳುತ್ತದೆ.

ಜಿಪ್ಪಿನ ರನ್ನರ್ ಹಿಂದೆ ಸಾಮಾನ್ಯವಾಗಿ ಒಂದು ನಂಬರ್ ಇರುತ್ತದೆ. 5 ಅಂದರೆ ಸಣ್ಣದು, ಶಾಲೆ ಬ್ಯಾಗಿಗೆ ಸಾಕು. 8 ಅಥವಾ 10 ಇರಲಿ. ಕೆಸರು ಸಿಕ್ಕಿಕೊಂಡಾಗ ಸಣ್ಣ ಜಿಪ್ ಹಲ್ಲು ಬಿಡುತ್ತದೆ. ಮನೆಯಲ್ಲಿ ಹಳೆ ಮೇಣದ ಬತ್ತಿ ಇದ್ದರೆ ಜಿಪ್ಪಿಗೆ ಉಜ್ಜಿ, ನುಣ್ಣಗೆ ಓಡುತ್ತದೆ.

ಅಲ್ಯೂಮಿನಿಯಂ ಪೆಟ್ಟಿಗೆ ಬಗ್ಗೆ ಕೇಳಿದರೆ, ನನಗೆ ಇಷ್ಟವಿಲ್ಲ. ಬೀಗ ಹಾಕಬಹುದು, ನೀರು ಹೋಗುವುದಿಲ್ಲ, ಎರಡೂ ನಿಜ. ಆದರೆ ಪೆಟ್ಟಿಗೆ, ಸ್ಟ್ಯಾಂಡು ಸೇರಿ ಖಾಲಿ ಇದ್ದಾಗಲೇ ಭಾರ. ಬೈಕಿನ ಅಗಲ ಹೆಚ್ಚುತ್ತದೆ. ಘಟ್ಟದಲ್ಲಿ ಬಸ್ಸಿನ ಪಕ್ಕ ನುಸುಳುವಾಗ ಅಭ್ಯಾಸಬಲದಲ್ಲಿ ಹಳೆ ಅಗಲವೇ ತಲೆಯಲ್ಲಿರುತ್ತದೆ. ಕೆಸರಲ್ಲಿ ಕಾಲು ಕೊಟ್ಟು ಬೈಕ್ ತಳ್ಳುವಾಗ ಪೆಟ್ಟಿಗೆಯ ಮೂಲೆ ಮೀನಖಂಡಕ್ಕೆ ಬಡಿಯುತ್ತದೆ. ಬಟ್ಟೆ ಬ್ಯಾಗ್ ಬಡಿದರೆ ಬೈಯಬಹುದು, ಅಷ್ಟೇ.

ಭಾರ ಎಲ್ಲಿರಬೇಕು

ಭಾರದ ಸಾಮಾನು ಕೆಳಗೆ, ಮುಂದೆ. ಅಂದರೆ ಸ್ಪ್ಯಾನರು, ಟ್ಯೂಬು, ನೀರಿನ ಬಾಟಲಿ ಸ್ಯಾಡಲ್ ಬ್ಯಾಗಿನ (ಸೀಟಿನ ಎರಡೂ ಬದಿ ಇಳಿಬಿಡುವ ಬ್ಯಾಗು) ತಳದಲ್ಲಿ, ಸವಾರನ ಕಡೆಗೆ. ಕ್ಯಾರಿಯರ್ ಮೇಲೆ ಬಟ್ಟೆಯಂಥ ಹಗುರ ಸಾಮಾನು ಮಾತ್ರ. ಹಿಂಬದಿ ಚಕ್ರದ ಅಚ್ಚಿಗಿಂತ ಹಿಂದೆ ಭಾರ ನೇತುಹಾಕಿದರೆ ಮುಂದಿನ ಚಕ್ರ ಹಗುರಾಗುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಹ್ಯಾಂಡಲ್ ತೇಲಿದಂತೆ ಅನ್ನಿಸಿದರೆ ಕಾರಣ ಇದೇ ಇರಬಹುದು.

ಎಡ ಬಲ ಸಮ ಇರಬೇಕು. ನಾನು ಹಳೆ ಪೇಪರ್ ತೂಗುವವರ ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡಿದ್ದೇನೆ. ಒಂದೊಂದು ಬದಿಗೆ ಆರು ಕೆಜಿ ದಾಟಲು ಬಿಡುವುದಿಲ್ಲ. ಹೆಂಡತಿಯೂ ಬರುವುದರಿಂದ ಹಿಂದಿನ ಚಕ್ರಕ್ಕೆ ಇಬ್ಬರು ಕೂತಾಗಿನ ಗಾಳಿ ಹಾಕಿಸುತ್ತೇನೆ. ಎಷ್ಟು ಅನ್ನುವುದು ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ, ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ.

ಈಗ ಎರಡು ವಿಷಯ ಎಚ್ಚರದಿಂದ ಓದಿ. ಒಂದು ಸೈಲೆನ್ಸರ್. ನನ್ನ ಬೈಕಿನಲ್ಲಿ ಅದು ಬಲಕ್ಕಿದೆ. ಮೊದಲ ಸ್ಯಾಡಲ್ ಬ್ಯಾಗನ್ನು ನಾನೇ ರೆಕ್ಸಿನಿನಲ್ಲಿ ಹೊಲಿದಿದ್ದೆ, ಪಟ್ಟಿಗೆ ನೈಲಾನ್ ಹಾಕಿದ್ದೆ. ನೈಲಾನ್ ನೆನೆದರೆ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಕಸುಬುದಾರನಿಗೆ ಇದು ಗೊತ್ತಿರಲಿಲ್ಲವಾ ಅಂದರೆ, ಗೊತ್ತಿತ್ತು, ಅಂಗಡಿಯಲ್ಲಿ ಇದ್ದದ್ದು ನೈಲಾನ್ ತುಂಡು. ಸೋಮೇಶ್ವರ ಇಳಿಯುವ ಹೊತ್ತಿಗೆ ಬ್ಯಾಗ್ ಎರಡಿಂಚು ಜಗ್ಗಿ ಸೈಲೆನ್ಸರ್ ಮೇಲೆ ಕೂತಿತ್ತು. ಹೆಬ್ರಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಸುಟ್ಟ ವಾಸನೆ. ಬ್ಯಾಗಿನಲ್ಲಿ ಅಂಗೈ ಅಗಲ ತೂತು, ಅದರ ಹಿಂದೆ ಹೆಂಡತಿಯ ಸೀರೆಯಲ್ಲಿ ಮಡಿಕೆ ಮಡಿಕೆಗೂ ಒಂದೊಂದು ತೂತು. ಅದರ ಲೆಕ್ಕ ಇವತ್ತಿಗೂ ಚುಕ್ತಾ ಆಗಿಲ್ಲ. ಬಲಬದಿಗೆ ಸ್ಯಾಡಲ್ ಸ್ಟೇ, ಅಂದರೆ ಬ್ಯಾಗನ್ನು ದೂರ ಹಿಡಿಯುವ ಕಬ್ಬಿಣದ ಚೌಕಟ್ಟು ಹಾಕಿಸಿ. ಬ್ಯಾಗಿಗೂ ಸೈಲೆನ್ಸರಿಗೂ ನಡುವೆ ಮೂರು ಬೆರಳಾದರೂ ಸಂದು ಇರಲಿ, ಅದೂ ಹಿಂದೆ ಜನ ಕೂತು ಶಾಕ್ ಅಬ್ಸಾರ್ಬರ್ ಕುಸಿದಾಗ ಅಳತೆ ಮಾಡಿ.

ಇನ್ನೊಂದು ಎಡಬದಿಯ ಸೀರೆ ಗಾರ್ಡ್. ಹುಡುಗರು ಚೆಂದ ಕಾಣುವುದಿಲ್ಲ ಅಂತ ಮೊದಲು ಕೀಳಿಸುವುದೇ ಅದನ್ನು. ಹಿಂಬದಿ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕು ಅನ್ನುವುದು ಮೋಟಾರು ವಾಹನ ನಿಯಮದಲ್ಲೇ ಇದೆ. ಸೀರೆ, ದುಪಟ್ಟ ಚಕ್ರಕ್ಕೆ ಸಿಗಬಾರದು ಅಂತ. ಸ್ಯಾಡಲ್ ಬ್ಯಾಗ್ ಒರಗುವುದೂ ಅದರ ಮೇಲೆಯೇ. ಅದು ಇಲ್ಲದಿದ್ದರೆ ಗುಂಡಿಗೆ ಬಿದ್ದಾಗ ಬ್ಯಾಗ್ ಕಡ್ಡಿಗಳ ಒಳಗೆ ತೂರುತ್ತದೆ.

ಕಟ್ಟುವುದಕ್ಕೆ ಕೊಕ್ಕೆ ಇರುವ ಬಂಜಿ ಹಗ್ಗ (ಎಳೆದರೆ ಹಿಗ್ಗುವ ರಬ್ಬರ್ ಹಗ್ಗ) ನಾನು ಬಳಸುವುದಿಲ್ಲ. ಕೊಕ್ಕೆ ತಪ್ಪಿದರೆ ನೇರ ಮುಖಕ್ಕೆ ಬರುತ್ತದೆ, ಇಲ್ಲವೇ ಚೈನಿಗೆ ಸುತ್ತಿಕೊಳ್ಳುತ್ತದೆ. ಹಾಲಿನ ಕ್ಯಾನ್ ಸಾಗಿಸುವವರ ಬೈಕ್ ನೋಡಿ. ಹಳೆ ಟ್ಯೂಬನ್ನು ಎರಡು ಬೆರಳಗಲ ಉದ್ದುದ್ದ ಕತ್ತರಿಸಿ ಬಿಗಿದಿರುತ್ತಾರೆ. ಜಾರುವುದಿಲ್ಲ, ಗೀಚುವುದಿಲ್ಲ, ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಪುಕ್ಕಟೆ. ಪಟ್ಟಿ ಬಿಗಿದು ಉಳಿದ ತುದಿಯನ್ನು ಸುತ್ತಿ ಅದರೊಳಗೇ ತುರುಕಿ. ಗಾಳಿಗೆ ಹಾರಾಡುವ ತುದಿಯೇ ಕೊನೆಗೆ ಚಕ್ರ ಸೇರುವುದು.

ಮೈಮೇಲೆ

ಹೆಲ್ಮೆಟ್ ವಿಷಯ ಹೇಳಬೇಕಾಗಿಲ್ಲ. ಐಎಸ್ಐ ಗುರುತು, ಮುಖ ಪೂರ್ತಿ ಮುಚ್ಚುವುದು, ಹಿಂದೆ ಕೂತವರಿಗೂ ಅಂಥದ್ದೇ. ವೈಸರ್ ಬಿಳಿಯದೇ ಇರಲಿ. ಕಪ್ಪು ವೈಸರ್ ಹಾಕಿಕೊಂಡು ಮಂಜಿನಲ್ಲಿ ಘಟ್ಟ ಇಳಿಯುವುದೂ ಕಣ್ಣು ಮುಚ್ಚಿ ಇಳಿಯುವುದೂ ಒಂದೇ. ಒಳಗೆ ಉಸಿರು ಕಟ್ಟಿ ಮಸುಕಾದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಅರ್ಧ ದಿನ ನಡೆಯುತ್ತದೆ.

ರೈನ್‌ಕೋಟ್ ಕೊಳ್ಳುವಾಗ ಅಂಗಡಿಯಲ್ಲಿ ನಿಂತು ನೋಡಬೇಡಿ, ಬೈಕ್ ಮೇಲೆ ಕೂತು ನೋಡಿ. ನಿಂತಾಗ ಸರಿಯಾದದ್ದು ಕೂತಾಗ ಮೊಣಕಾಲಿನವರೆಗೆ ಏರುತ್ತದೆ. ಜಾಕೆಟ್ ಮೇಲೆ, ಬೂಟಿನ ಮೇಲೆ ಹಾಕುವಷ್ಟು ದೊಡ್ಡದಿರಲಿ. ಪ್ಯಾಂಟಿನ ಕವೆಯ ಹೊಲಿಗೆ ಮೇಲೆ ಒಳಗಡೆ ಟೇಪ್ ಇದೆಯಾ ನೋಡಿ. ಮಳೆಯಲ್ಲಿ ಸೀಟಿನ ಗುಳಿಯಲ್ಲಿ ನಿಲ್ಲುವ ನೀರು ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಜಾಕೆಟ್ಟಿನ ಒಳಗೆ ಸೇರಿಸುವ ಮಳೆ ಲೈನರ್ ನೆಚ್ಚಬೇಡಿ. ಮೈ ಒದ್ದೆಯಾಗುವುದಿಲ್ಲ, ಆದರೆ ಹೊರಗಿನ ಜಾಕೆಟ್ ನೀರು ಹೀರಿ ಭಾರವಾಗಿ, ಗಾಳಿಗೆ ಮೈಯೆಲ್ಲ ಕೊರೆಯುತ್ತದೆ.

ಪಂಚೆ ಒಂದು ಇಟ್ಟುಕೊಳ್ಳಿ, ತೆಳ್ಳನೆಯದು. ಟವೆಲ್ಲೂ ಅದೇ, ಹೊದಿಕೆಯೂ ಅದೇ, ರಸ್ತೆ ಪಕ್ಕ ಬಟ್ಟೆ ಬದಲಿಸಲು ಮರೆಯೂ ಅದೇ. ಟರ್ಕಿ ಟವೆಲ್ ಮಲೆನಾಡಿನಲ್ಲಿ ಮೂರು ದಿನವಾದರೂ ಒಣಗುವುದಿಲ್ಲ. ಒದ್ದೆ ಬೂಟಿನೊಳಗೆ ರಾತ್ರಿ ಪೇಪರ್ ಮುದುರಿ ತುರುಕಿಡಿ, ಮಲಗುವ ಮುಂಚೆ ಒಂದು ಸಲ ಬದಲಿಸಿ.

ಸೀಟಿನ ಬಗ್ಗೆ

ಗಿರಾಕಿಗಳು ಬಂದು "ಮೆತ್ತಗೆ ಮಾಡಿ ಅಣ್ಣ" ಅನ್ನುತ್ತಾರೆ. ಮೆತ್ತಗೆ ಮಾಡಿದರೆ ಅಂಗಡಿ ಮುಂದೆ ಖುಷಿ, ತೀರ್ಥಹಳ್ಳಿಯಲ್ಲಿ ಬೈಗುಳ. ಇಲ್ಲಿಂದ ಅಲ್ಲಿಗೆ 60 ಕಿಲೋಮೀಟರ್. ಅಷ್ಟರಲ್ಲಿ ಮೆತ್ತನೆ ಫೋಮ್ ಪೂರ್ತಿ ಕುಸಿದು ಅಡಿಯ ತಗಡು ಮೂಳೆಗೆ ಸಿಗುತ್ತದೆ. ದೂರಕ್ಕೆ ಗಟ್ಟಿ ಫೋಮ್, ಮೇಲೆ ತೆಳು ಮೆತ್ತನೆ ಪದರ. ಸೀಟ್ ಮುಂದಕ್ಕೆ ಇಳಿಜಾರಾಗಿದ್ದರೆ ಅದನ್ನು ಮಟ್ಟ ಮಾಡಿಸಿ. ನೋವಿಗೆ ಅರ್ಧ ಕಾರಣ ಮುಂದಕ್ಕೆ ಜಾರುತ್ತಾ ಇರುವುದು. ಹೊಲಿಗೆಯ ತೂತಿನಿಂದ ಇಳಿದ ನೀರನ್ನು ಫೋಮ್ ಕುಡಿದುಕೊಂಡರೆ, ಮರುದಿನ ಬಿಸಿಲಿದ್ದರೂ ಕೂತ ಕೂಡಲೇ ಪ್ಯಾಂಟ್ ಒದ್ದೆ. ಕವರ್ ಹೊಲಿಸುವಾಗ ಫೋಮಿಗೂ ರೆಕ್ಸಿನಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಕೊಡಲು ಹೇಳಿ. ಮೇಲೆ ಹಾಕುವ ದಪ್ಪ ಜಾಲರಿ ಕವರ್ ಗಾಳಿ ಆಡಿಸುತ್ತದೆ, ಬೇಸಿಗೆಗೆ ತುಂಬಾ ಒಳ್ಳೆಯದು, ನಾನೇ ಮಾರುತ್ತೇನೆ.

ಬೈಕಿಗೆ ಏನು ಬೇಕು, ಏನು ಬೇಡ

ಒಂದು ಸಾಮಾನು ಎರಡು ಪ್ರವಾಸದಲ್ಲಿ ಬೇಕು ಅನ್ನಿಸಿದ ಮೇಲೆ ಮಾತ್ರ ನಾನು ಕೊಳ್ಳುವುದು. ಅಳಿಯನ ಪೆಟ್ರೋಲ್ ಕ್ಯಾನ್ ಸ್ಟ್ಯಾಂಡನ್ನೇ ನೋಡಿ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿ ಬಂಕಿನ ಹತ್ತಿರ, ಮುಂದಿನ ಬಂಕ್ 365 ಕಿಲೋಮೀಟರ್ ಅನ್ನುವ ಬೋರ್ಡು ಫೇಮಸ್ಸು. ಅಲ್ಲಿಗೆ ಕ್ಯಾನ್ ಸರಿ. ಶಿವಮೊಗ್ಗದಿಂದ ಉಡುಪಿಗೆ ಯಾಕೆ? ನನ್ನ ಟ್ಯಾಂಕಿಗೆ 13.5 ಲೀಟರ್ ಹಿಡಿಯುತ್ತದೆ, ಹೋಗಿ ಬಂದರೂ ಮಿಗುತ್ತದೆ.

ದೀಪದ ವಿಷಯದಲ್ಲೂ ಹಾಗೆ. ಮಂಜಿನಲ್ಲಿ ಜೋರು ಬಿಳಿ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಕೆಳಮಟ್ಟದಲ್ಲಿ, ಕೆಳಕ್ಕೆ ಬಾಗಿಸಿ ಹಾಕಿದ ಎರಡು ಹಳದಿ ದೀಪ ಸಾಕು. ಎದುರಿನವರ ಕಣ್ಣು ಕುಕ್ಕುವ ಎಲ್ಇಡಿ ಹಾಕಿದವರ ಮೇಲೆ 2024ರಿಂದ ನಮ್ಮ ರಾಜ್ಯದ ಪೊಲೀಸರು ಕೇಸು ಹಾಕುತ್ತಿದ್ದಾರೆ. ಯಾವ ದೀಪವಾದರೂ ರಿಲೇ, ಫ್ಯೂಸು ಇಟ್ಟು ಹಾಕಿಸಿ. ಇದ್ದ ವೈರ್ ಕೆತ್ತಿ ಟೇಪ್ ಸುತ್ತುವವರ ಹತ್ತಿರ ಹೋಗಲೇಬೇಡಿ.

ಫೋನ್ ಹೋಲ್ಡರ್ ನಾನು ಹಾಕಿಸಿ, ತೆಗೆದುಬಿಟ್ಟೆ. ಬೈಕ್ ಎಂಜಿನ್ನಿನ ಅದುರಾಟದಿಂದ ಐಫೋನಿನ ಕ್ಯಾಮೆರಾ ಕೆಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ನನ್ನ ಬೈಕ್ ಅದುರುವುದನ್ನು ನೋಡಿದರೆ ಫೋನ್ ಇರಲಿ, ನನ್ನ ಹಲ್ಲಿನ ಬಗ್ಗೆಯೇ ಚಿಂತೆ. ಹೋಲ್ಡರ್ ಬೇಕೇ ಬೇಕು ಅಂದರೆ ಅದುರಾಟ ತಡೆಯುವ ರಬ್ಬರ್ ಇರುವುದು ತಗೊಳ್ಳಿ. ಮ್ಯಾಪನ್ನು ಹೊರಡುವ ಮುಂಚೆಯೇ ಫೋನಿಗೆ ಇಳಿಸಿಟ್ಟುಕೊಳ್ಳಿ, ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ.

ಕೆಟ್ಟರೆ

ನನ್ನದು ಟ್ಯೂಬ್ ಇರುವ ಚಕ್ರ. ಹಾಗಾಗಿ ಎರಡು ಟ್ಯೂಬು, ಎರಡು ಟೈರ್ ಲಿವರು, ಕಾಲಲ್ಲಿ ತುಳಿಯುವ ಪಂಪು. ಟ್ಯೂಬ್‌ಲೆಸ್ ಇದ್ದವರಿಗೆ ರಬ್ಬರ್ ಬತ್ತಿ ಚುಚ್ಚುವ ಕಿಟ್ ಮತ್ತು ಪಂಪ್ ಸಾಕು. ಹಿಂದಿನ ಚಕ್ರ ಬಿಚ್ಚುವ ಸ್ಪ್ಯಾನರ್ ಇದೆಯಾ ಅಂತ ಒಂದು ಸಲ ಮನೆಯಲ್ಲೇ ಚಕ್ರ ಬಿಚ್ಚಿ ನೋಡಿ. ತುಂಬಾ ಜನಕ್ಕೆ ಇರುವುದಿಲ್ಲ. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಹಾಯಿಸಿ ಕಟ್ಟಿಡಿ. ತುಂಡಾದಾಗ ಎರಡು ತುದಿ ಬದಲಿಸಿದರೆ ಮುಗಿಯಿತು. ಜೊತೆಗೆ ಪ್ಲಗ್, ಫ್ಯೂಸ್, ಹೆಡ್‌ಲೈಟ್ ಬಲ್ಬ್, ಚೈನಿನ ಎರಡು ತುದಿ ಜೋಡಿಸುವ ಚೈನ್ ಲಾಕ್, ಒಂದು ಹಿಡಿ ಕೇಬಲ್ ಟೈ, ಇನ್ಸುಲೇಷನ್ ಟೇಪ್, ಎಂ-ಸೀಲ್. ಪೆಟ್ರೋಲ್ ಟ್ಯಾಂಕ್ ಸೋರಿದರೆ ಮೈಸೋಪನ್ನು ಗಟ್ಟಿಯಾಗಿ ಉಜ್ಜಿ ಮೆತ್ತಿ. ಮೆಕ್ಯಾನಿಕ್ ಸಿಗುವವರೆಗೆ ತಡೆಯುತ್ತದೆ.

ಔಷಧಿ ಡಬ್ಬಿಯಲ್ಲಿ ಬ್ಯಾಂಡೇಜು, ಓಆರ್‌ಎಸ್, ನಿಮ್ಮ ಮಾಮೂಲಿ ಮಾತ್ರೆ. ಮಲೆನಾಡಿಗೆ ಇನ್ನೊಂದು ಸಣ್ಣ ಡಬ್ಬಿ ಬೇಕು, ಸುಣ್ಣ ಮತ್ತು ಹೊಗೆಸೊಪ್ಪು. ಆಗುಂಬೆ ಹತ್ತಿರದ ಬರ್ಕಣ, ಜೋಗಿಗುಂಡಿ ಜಲಪಾತದ ಕಡೆ ಕಾಲಿಟ್ಟರೆ ಉಂಬಳ ಹತ್ತುತ್ತದೆ. ಕಿತ್ತು ಎಳೆಯಬೇಡಿ, ಸುಣ್ಣ ಮುಟ್ಟಿಸಿ, ತಾನೇ ಬೀಳುತ್ತದೆ. ಕಾಗದಪತ್ರ ಡಿಜಿಲಾಕರ್‌ನಲ್ಲಿದ್ದರೂ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿಯ ಒಂದೊಂದು ಪ್ರತಿ ಪ್ಲಾಸ್ಟಿಕ್ಕಿನಲ್ಲಿ ಸೀಟಿನಡಿ ಇರಲಿ.

ಹೊರಟು ಹತ್ತಿಪ್ಪತ್ತು ನಿಮಿಷವಾದ ಮೇಲೆ ಒಂದು ಸಲ ನಿಲ್ಲಿಸಿ. ನಾವು ಗಾಜನೂರಿನಲ್ಲಿ ನಿಲ್ಲುತ್ತೇವೆ. ಸಾಮಾನೆಲ್ಲ ಅಷ್ಟರಲ್ಲಿ ಅಲುಗಾಡಿ ತನ್ನ ಜಾಗ ಹಿಡಿದಿರುತ್ತದೆ, ಪಟ್ಟಿ ಸಡಿಲಾಗಿರುತ್ತದೆ. ಪ್ರತಿ ಸಲ ಒಂದಿಂಚಾದರೂ ಬಿಗಿಯಲು ಸಿಗುತ್ತದೆ. ಹೆಂಡತಿ ಈಗ ಇಳಿದ ಕೂಡಲೇ ಬಲಗಡೆ ಬ್ಯಾಗಿಗೂ ಸೈಲೆನ್ಸರಿಗೂ ನಡುವೆ ಮೂರು ಬೆರಳು ಇಟ್ಟು ನೋಡುತ್ತಾಳೆ. ನಾನು ನೋಡಿದ್ದೇನೆ ಅಂದರೆ ನಂಬುವುದಿಲ್ಲ.

ಅಳಿಯ ಆಗುಂಬೆಗೆ ಹೋಗಿ ಬಂದ. ರೈನ್‌ಕೋಟನ್ನು ಟ್ಯೂಬ್ ಪಟ್ಟಿಯಲ್ಲಿ ಹಿಂದಿನ ಸೀಟಿಗೆ ಬಿಗಿದುಕೊಂಡು ಹೋಗಿದ್ದ. ಬಂದವನೇ ಕ್ಯಾನ್ ಸ್ಟ್ಯಾಂಡ್ ಬಿಚ್ಚಿಸಿ ನನ್ನ ಅಂಗಡಿಯಲ್ಲೇ ಬಿಟ್ಟು ಹೋದ. ಗೋಡೆಗೆ ಮೊಳೆ ಹೊಡೆದು ಹಾಕಿದ್ದೇನೆ, ದಾರದ ಉಂಡೆ ಇಡಲು ಚೆನ್ನಾಗಿದೆ. ದೀಪ ಮಾತ್ರ ನಾಲ್ಕೂ ಹಾಗೇ ಇವೆ.